ನಾನು ಬಿಟ್ಟು ಓದಿದ ಹನ್ನೊಂದು ಪುಟ

ನಮ್ಮ ಓಣಿಯಲ್ಲಿ ಒಂದು ವಾಚನ ಕಟ್ಟಾ ಇದೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕೂಡುತ್ತೇವೆ. ನಾವು ನಾಲ್ಕು ಜನ, ಅದರಲ್ಲಿ ಓದುವವಳು ನಾನೊಬ್ಬಳೇ. ಹೊರಗಿನವರಿಗೆ ಹೇಳಿದರೆ, ಓದದವರಿಗೆ ಓದಿನ ಕಟ್ಟೆ ಯಾಕೆ ಅಂತ ನಗುತ್ತಾರೆ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಇಚಲಕರಂಜಿಯವರು ನಗುವುದಿಲ್ಲ. ಇಲ್ಲಿ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಕಲಿತವರೇ ಹೆಚ್ಚು. ನಾನು ಚಿಕ್ಕೋಡಿ ಕಡೆಯಿಂದ ಮದುವೆಯಾಗಿ ಬಂದವಳು, ಹತ್ತನೇತ್ತೆಯವರೆಗೆ ಕನ್ನಡ ಶಾಲೆಗೆ ಹೋದವಳು. ಆ ಹತ್ತು ವರ್ಷದ ಕಲಿಕೆ ಮೂವತ್ತು ವರ್ಷ ಈ ಊರಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕಟ್ಟಾ ಶುರುವಾದ ಮೇಲೆ ಬೇಕಾಯಿತು.

ಎದುರುಮನೆಯ ವೈನಿ ದಾನೋಳಿ ಊರಿನವರು. ಬಾಯಿ ತೆರೆದರೆ ಕನ್ನಡ, ಪುಸ್ತಕ ತೆರೆದರೆ ಮರಾಠಿ. ಪಕ್ಕದ ಮನೆಯ ಆಯಿಗೆ ಎಂಬತ್ತು ದಾಟಿದೆ. ಯಾವ ಭಾಷೆಯ ಅಕ್ಷರವೂ ಬರುವುದಿಲ್ಲ, ಆದರೆ ಯಾರ ಮನೆಯಲ್ಲಿ ಏನು ನಡೆದಿದೆ ಅನ್ನುವುದು ಪಡಸಾಲೆಯಲ್ಲಿ ಕೂತೇ ಗೊತ್ತಾಗುತ್ತದೆ. ಮೂಲೆಮನೆಯಾಕೆ ಜಮಖಂಡಿ ಕಡೆಯವಳು, ನಮ್ಮೆಲ್ಲರಿಗಿಂತ ಸಣ್ಣವಳು. ಗಂಡ ಮಗ್ಗದ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ, ಮುಂಜಾನೆ ಹೊತ್ತು ಆಕೆಯೂ ಅದೇ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ ಮಾಡುತ್ತಾಳೆ. ಮೂರನೇತ್ತೆಗೆ ಶಾಲೆ ಬಿಟ್ಟವಳು. "ಬಸ್ಸಿನ ಬೋರ್ಡ್ ಓದತೇನ್ರಿ ಅಕ್ಕಾರ, ಆದ್ರ ಬಸ್ ನಿಂತಿರಬೇಕು" ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಕಟ್ಟಾ ಹುಟ್ಟಿದ್ದು ವೈನಿಯ ಮೊಬೈಲಿನಿಂದ. ಅವರ ಮಗಳು ಕೊಲ್ಹಾಪುರದಲ್ಲಿ ಶಿಕ್ಷಕಿ. ಅಲ್ಲಿ ಅವಳ ಗೆಳತಿಯರೆಲ್ಲ ಸೇರಿ ಪುಸ್ತಕ ಓದುತ್ತಾರಂತೆ, ಫೋಟೊ ಕಳಿಸಿದ್ದಳು. ಹತ್ತು ಹೆಂಗಸರು, ಹತ್ತು ಪುಸ್ತಕ, ಹತ್ತು ಚಹದ ಕಪ್ಪು. ವೈನಿ ಆ ಫೋಟೊ ಹಿಡಿದುಕೊಂಡು ರಸ್ತೆ ದಾಟಿ ಬಂದರು. "ನಾವೂ ಮಾಡೋಣ್ರಿ. ಟೀವ್ಯಾಗ ಅತ್ತಿ ಸೊಸಿ ಜಗಳಾ ನೋಡಿ ನೋಡಿ ನಮ್ಮನ್ಯಾಗ ಮಾಡೂದ ಮರತೇವಿ." ಆಯಿಯ ಮೊಳಕಾಲು ಎಲ್ಲಿಗೂ ಹೋಗಗೊಡುವುದಿಲ್ಲ, ಆದ್ದರಿಂದ ಕಟ್ಟಾ ಅವರ ಪಡಸಾಲೆಗೇ ಬಂತು. ಮರಾಠಿ ಪುಸ್ತಕ ಓದೋಣವೆಂದು ವೈನಿ ಅಂದರೆ ಆಯಿ ಒಪ್ಪಲಿಲ್ಲ. "ಮರಾಠಿ ಕೇಳಿದ್ರ ಮಂದಿ ಮನಿ ಸುದ್ದಿ ಕೇಳಿದಂಗ ಆಗತೈತಿ. ಕನ್ನಡದಾಗ ಓದ್ರಿ, ನಮ್ಮನಿ ಸುದ್ದಿ ಕೇಳಿದಂಗ ಇರತೈತಿ."

ಹೀಗೆ ಓದುವ ಖುರ್ಚಿ ನನ್ನ ಪಾಲಿಗೆ ಬಂತು. ಬೆತ್ತದ ಖುರ್ಚಿ, ಮೇಲೆ ಫ್ಯಾನು. ಉಳಿದವರು ಚಾಪೆಯ ಮೇಲೆ. ಸಣ್ಣ ಪುಣ್ಯಗಳನ್ನು ಎಣಿಸುವ ಚಟ ನನಗೆ ಮೊದಲಿಂದಲೂ ಇದೆ. ಮುಂಜಾನೆ ಬಸ್ತಿಯಲ್ಲಿ ದೇವರ ದರ್ಶನ ಮಾಡಿ ಬರುವಾಗ ಮಳೆ ಬರಲಿಲ್ಲ, ಒಂದು ಪುಣ್ಯ. ಹಾಲು ಒಡೆಯಲಿಲ್ಲ, ಇನ್ನೊಂದು. ಆ ಖುರ್ಚಿಯಲ್ಲಿ ಕೂತ ದಿನ ಎಣಿಕೆಯೇ ಬಿಟ್ಟೆ. ನಮ್ಮನೆಯವರಿಗೆ ನಾನು ಏನು ಹೇಳಹೋದರೂ ಅರ್ಧ ಮಾತಿಗೇ "ಹೂಂ" ಅನ್ನುತ್ತಾರೆ. ಆ "ಹೂಂ" ಎಂದರೆ ಸಾಕು ಅಂತ. ಇಲ್ಲಿ ಮೂರು ಜನ ಹೆಂಗಸರು ಒಂದೂವರೆ ತಾಸು ನನ್ನ ಬಾಯಿ ನೋಡುತ್ತ ಕೂಡುತ್ತಿದ್ದರು. ಮಾತು ನನ್ನವಲ್ಲ, ಬರೆದವರದು. ಆದರೂ ಬಾಯಿ ನನ್ನದೇ ತಾನೆ?

ಪುಸ್ತಕ ಕೊಟ್ಟಿದ್ದು ಗಡಹಿಂಗ್ಲಜದಲ್ಲಿರುವ ನನ್ನ ತಂಗಿ. ಒಂದು ಕಾದಂಬರಿ. ಅದರ ಹೆಸರು ನಾನು ಹೇಳುವುದಿಲ್ಲ. ಬರೆದವರದೇನೂ ತಪ್ಪಿಲ್ಲ, ತಪ್ಪು ನನ್ನದು.

ಮೊದಲ ತಪ್ಪು ಆಷಾಢದಲ್ಲಾಯಿತು. ಚಾತುರ್ಮಾಸ ಹಿಡಿದಿತ್ತು. ನಾನು ದಿನಕ್ಕೆ ಒಂದೇ ಊಟದ ವ್ರತ ಮಾಡುತ್ತಿದ್ದೆ. ನಾನು, ವೈನಿ, ಆಯಿ ಮೂವರೂ ಜೈನರು, ಉಳ್ಳಾಗಡ್ಡಿ ಬಟಾಟಿ ಬಿಟ್ಟಿದ್ದೆವು. ಚಹಕ್ಕೆ ಹಸಿಶುಂಠಿಯೂ ಇರಲಿಲ್ಲ. ಮೂಲೆಮನೆಯಾಕೆ ಮಾತ್ರ ನಮ್ಮ ಚುರಮುರಿ ಬಾಯಿಗೆ ಹಾಕಿಕೊಂಡು, "ಉಳ್ಳಾಗಡ್ಡಿ ಇಲ್ಲದ ಚುರಮುರಿ ಅಂದ್ರ ವಾಲಗ ಇಲ್ಲದ ಮದಿವಿ ಇದ್ದಂಗ್ರಿ" ಅಂತ ಗೊಣಗುತ್ತ ಎರಡನೇ ತಟ್ಟೆಗೆ ಕೈ ಹಾಕುತ್ತಿದ್ದಳು. ಅಂಥ ದಿನ ಕಾದಂಬರಿಯ ಯಜಮಾನ ಗೆಳೆಯನ ಮನೆಗೆ ಊಟಕ್ಕೆ ಹೋದ. ಬರೆದವರು ಅರ್ಧ ಪುಟ ಮಟನ್ ಸಾರಿನ ಬಣ್ಣ, ವಾಸನೆ, ಮೇಲೆ ತೇಲುವ ಎಣ್ಣೆ ಎಲ್ಲ ಬರೆದಿದ್ದಾರೆ. ನನ್ನ ನಾಲಿಗೆ ತಿರುಗಲಿಲ್ಲ. "ಹೋಳಿಗಿ ಮಾಡಿದ್ದರು" ಅಂತ ಓದಿಬಿಟ್ಟೆ. ನನ್ನ ವ್ರತವೂ ಉಳಿಯಿತು, ಕಥೆಯೂ ಮುಂದೆ ಹೋಯಿತು ಅಂದುಕೊಂಡೆ.

ಮುಂದಿನ ಪುಟದಲ್ಲಿ ಅವನ ಗಂಟಲಿಗೆ ಎಲುಬು ಸಿಕ್ಕಿಕೊಂಡಿತು.

ಓದುವಾಗ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆ ಓಡುತ್ತದೆ, ಆದರೆ ಅಂದು ನನ್ನ ಕಣ್ಣು ಚುರಮುರಿಯ ಮೇಲಿತ್ತು. ಎಲುಬು ಅಂದದ್ದಾಯಿತು.

"ಹೋಳಿಗ್ಯಾಗ ಎಲುಬು ಹೆಂಗ ಬಂತ್ರಿ?" ವೈನಿ ಕೇಳಿದರು.

"ಎಲುಬಲ್ರಿ, ಎಲುಬಿನಂಗ ಗಟ್ಟಿ ಇತ್ತು. ಟೆಂಗಿನ ಚಿಪ್ಪಿನ ಚೂರು. ಕೊಬ್ಬರಿ ಹೋಳಿಗಿ ಅದು."

ಆವತ್ತು ಮುಂದೆ ಓದು ಸಾಗಲೇ ಇಲ್ಲ. ಟೆಂಗು ತುರಿಯುವಾಗ ಚಿಪ್ಪು ಬೀಳದ ಹಾಗೆ ನೋಡಿಕೊಳ್ಳದ ಆ ಮನೆಯಾಕೆಯನ್ನು ಮೂವರೂ ಸೇರಿ ಅರ್ಧ ತಾಸು ಬೈದರು. "ಅತಿಥಿಗೆ ಬಡಸೂದು ಅಂದ್ರ ಹಿಂಗೇನ?" ಅಂತ ಆಯಿ. "ತುರಿಯುವಾಗ ಮೊಬೈಲ್ ನೋಡಿರತಾಳ್ರಿ" ಅಂತ ಮೂಲೆಮನೆಯಾಕೆ. ಕಥೆ ಮೊಬೈಲ್ ಬರುವ ಎಷ್ಟೋ ವರ್ಷ ಮೊದಲಿನದು. ಪುಸ್ತಕದಲ್ಲಿ ಎರಡೇ ಸಾಲು ಬಂದು ಹೋದ ಆ ಬಡಪಾಯಿ ಹೆಂಗಸು, ಒಳ್ಳೇ ಸಾರು ಮಾಡಿ ಬಡಿಸಿದವಳು, ನನ್ನ ವ್ರತದಿಂದಾಗಿ ನಮ್ಮ ಓಣಿಯಲ್ಲಿ ಹೆಸರು ಕೆಡಿಸಿಕೊಂಡಳು.

ಒಮ್ಮೆ ಕೈ ರೂಢಿಯಾದರೆ ಮುಗಿಯಿತು. ಒಬ್ಬ ಕುಡಿದು ಬಂದರೆ ಅವನಿಗೆ ಜ್ವರ ಬರಿಸಿದೆ. ಇಬ್ಬರು ಕದ್ದು ಸಿನಿಮಾಕ್ಕೆ ಹೋದರೆ ದೇವಸ್ಥಾನಕ್ಕೆ ಕಳಿಸಿದೆ. ಅಕ್ಕಿಯಲ್ಲಿ ಹರಳು ಆರಿಸುವುದಿಲ್ಲವೇ, ಹಾಗೇ ಇದು ಅಂತ ನನ್ನ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಆರಿಸಿದಾಗ ಹರಳು ಹೊರಗೆ ಹೋಗುತ್ತದೆ, ಅದರ ಜಾಗದಲ್ಲಿ ಹೊಸದೇನೂ ಸೇರಿಸುವುದಿಲ್ಲ ಅನ್ನುವುದು ಆಗ ನೆನಪಾಗಲಿಲ್ಲ.

ಶ್ರಾವಣದಲ್ಲಿ ದೊಡ್ಡ ತಪ್ಪಾಯಿತು. ಕಥೆಯ ನಾಯಕಿ ಹನ್ನೆರಡು ವರ್ಷ ಸಂಸಾರ ಮಾಡಿದವಳು. ಒಂದು ದಿನ ಮನೆಗೆ ಬೀಗ ಹಾಕಿ, ಕೀಲಿಕೈ ನೆರೆಯವರಿಗೆ ಕೊಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತುತ್ತಾಳೆ. ಈ ಸಲ ನನ್ನ ಕಣ್ಣು ಮುಂದೆ ಓಡಿತು. ಬೇರೆ ಊರು, ಬಾಡಿಗೆ ಖೋಲಿ, ಒಬ್ಬಳೇ. ಆಮೇಲೆ, "ಪಕ್ಕದ ಖೋಲಿಯ ಗಂಡಸು ಬಾಗಿಲು ಬಡಿದ" ಅಂತ ಒಂದು ಸಾಲು. ನನ್ನ ಎದೆ ಹಾರಿತು. ಎದುರಿಗೆ ಎಂಬತ್ತು ದಾಟಿದ ಆಯಿ. ಇತ್ತ ಮೂಲೆಮನೆಯಾಕೆ. ಗಂಡನ ಮೇಲೆ ತಿಂಗಳಿಗೊಮ್ಮೆ ಸಿಟ್ಟಾಗಿ "ಹೊಂಟೇ ಹೊಕ್ಕೇನಿ" ಅಂತ ಓಣಿಗೆಲ್ಲ ಕೇಳುವಂತೆ ಕೂಗುವವಳು. ಪುಸ್ತಕ ಕೇಳಿ ಹೋಗಿಯೇಬಿಟ್ಟರೆ ಆ ಪಾಪ ಯಾರಿಗೆ? ಗಂಡನ ಹೆಸರು ಮತ್ತೆ ಕಾಣುವವರೆಗೆ ಪುಟ ತಿರುವಿದೆ. ಒಟ್ಟು ಹನ್ನೊಂದು ಪುಟ. ನನ್ನ ಬಾಯಿ ತಾನೇ ಓದಿತು: "ನಾಗರಪಂಚಮಿ ಬಂತು. ಆಕೆ ತವರಿಗೆ ಹೋದಳು."

ಮುಂದಿನ ಪುಟದಲ್ಲೇ ಬರೆದವರು, "ಹೀಗೆ ಐದು ತಿಂಗಳು ಕಳೆದವು" ಅಂತ ಹಾಕಿದ್ದಾರೆ.

ಪಂಚಮಿಗೆ ಹೋದವಳು ಐದು ತಿಂಗಳು ತವರಿನಲ್ಲಿ ಯಾಕೆ ಕೂತಳು? ನಮ್ಮ ಕಟ್ಟಾ ಎರಡು ಮಂಗಳವಾರ ಬೇರೇನನ್ನೂ ಮಾತಾಡಲಿಲ್ಲ. ಕೊಲ್ಹಾಪುರದ ಆ ಹತ್ತು ಹೆಂಗಸರು ಹತ್ತು ಪುಸ್ತಕ ಹಿಡಿದುಕೊಂಡರೂ ಅಷ್ಟು ಚರ್ಚೆ ಮಾಡಿರಲಾರರು.

"ಬಾಣಂತನಕ್ಕ ಹೋಗಿರಬೇಕ್ರಿ" ಅಂದರು ವೈನಿ.

"ಮತ್ತ ಕೂಸೆಲ್ಲಿ ಐತಿ?" ಅಂದಳು ಮೂಲೆಮನೆಯಾಕೆ. "ಬಾಣಂತನಾ ಅಲ್ಲ, ಏನಲ್ಲ. ಗಂಡ ಕರಿಯಾಕ ಬರ್ಲಿ ಅಂತ ಕುಂತಾಳ. ಅಂವ ಹೋಗಿಲ್ಲ, ಈಕಿ ಬಂದಿಲ್ಲ. ಹನ್ನೆರಡ ವರ್ಷ ಬಡಿಸ್ಯಾಳ, ಉಂಡ್ಯಾ ಅಂತ ಒಂದ ದಿನಾ ಕೇಳ್ಯಾನೇನ ಅಂವ?"

ನಾನು ತಲೆ ಎತ್ತಲಿಲ್ಲ. ನಾನು ಬಚ್ಚಿಟ್ಟದ್ದನ್ನು ಆಕೆ ಪುಟವಿಲ್ಲದೆಯೇ ಓದಿದ ಹಾಗಿತ್ತು.

ಆಯಿ ಮಾತ್ರ ಬೇರೆಯೇ ಹಾದಿ ಹಿಡಿದರು. ಅವರಿಗೆ ಕಾರಣ ಬೇಡವಾಗಿತ್ತು, ಆ ಐದು ತಿಂಗಳು ಸಾಕಾಗಿತ್ತು. ಆಯಿಯ ತವರು ಹಾತಕಣಂಗಲೆ ಹತ್ತಿರದ ಹಳ್ಳಿ. ಇಲ್ಲಿಂದ ಎಷ್ಟು ದೂರ? ಆದರೂ ಅವರ ಅತ್ತೆ ಪಂಚಮಿಗೆ ಮೂರೇ ದಿನ ಕಳಿಸುತ್ತಿದ್ದರಂತೆ, ಮೂರನೇ ದಿನ ಹೊತ್ತು ಇಳಿಯುವ ಮೊದಲೇ ಚಕ್ಕಡಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತಂತೆ. "ಐದ ತಿಂಗಳ! ಯಾರೂ 'ಸಾಕಿನ್ನ, ಹೋಗ' ಅನ್ನಲಿಲ್ಲ ನೋಡ. ಪುಣ್ಯವಂತಿ." ಪ್ರತಿ ವಾರ ನನ್ನನ್ನು ಕೇಳುತ್ತಿದ್ದರು, "ಇನ್ನೂ ತವರಾಗ ಅದಾಳಲ್ಲ?" ಹೂಂ ಅಂದರೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಸುಳ್ಳು ಹೇಳಿದ ಪಾಪಕ್ಕೆ ಇಷ್ಟು ಒಳ್ಳೇ ಫಲ ಸಿಗುತ್ತದೆಂದು ಯಾವ ಮುನಿಗಳೂ ಹೇಳಿರಲಿಲ್ಲ.

ಇದರ ನಡುವೆ ವೈನಿ ಪ್ರಶ್ನೆ ಕೇಳುವುದನ್ನು ಬಿಟ್ಟರು. ಮೊದಲು ಸಾಲಿಗೊಮ್ಮೆ ತಡೆಯುತ್ತಿದ್ದವರು ಈಗ ಸುಮ್ಮನೆ ನಗುತ್ತ ಕೂಡತೊಡಗಿದರು. ನನ್ನ ಓದು ಸುಧಾರಿಸಿದೆ ಅಂದುಕೊಂಡೆ. ಒಮ್ಮೆ, ಹೆಂಡತಿಯಿಲ್ಲದ ಆ ಗಂಡ ಒಲೆ ಮುಂದೆ ಕೂತು ಅತ್ತದ್ದನ್ನು ನಾನು ಹೊಗೆಗೆ ಕಣ್ಣೀರು ಬಂತೆಂದು ಓದಿದಾಗ, "ಓದ್ರಿ, ಓದ್ರಿ. ನಿಮ್ಮ ಪುಸ್ತಕ ಭಾಳ ಚೊಲೊ ಐತಿ" ಅಂದರು. "ನಿಮ್ಮ" ಅನ್ನುವುದನ್ನು ಸ್ವಲ್ಪ ಒತ್ತಿದ ಹಾಗೆ ಕೇಳಿಸಿತು. ಫ್ಯಾನಿನ ಸಪ್ಪಳ ಅಂತ ಬಿಟ್ಟೆ.

ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದು ಧರ್ಮ. ಸತ್ಯದ ದಿನ ಬಸ್ತಿಯಲ್ಲಿ ಪ್ರವಚನ ಕೇಳುತ್ತ ಕಂಬದ ಮರೆಗೆ ಸರಿದು ಕೂತೆ. ಮಂಡಿನೋವು ಅಂತ ಕೇಳಿದವರಿಗೆ ಹೇಳಿದೆ. ಅದೂ ಸುಳ್ಳೇ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅವತ್ತು ಎಲ್ಲರೂ ಎಲ್ಲರಿಗೂ ಕೈ ಮುಗಿದು ವರ್ಷದ ತಪ್ಪಿಗೆ ಕ್ಷಮೆ ಕೇಳಬೇಕು. ಒಳ್ಳೇ ಪದ್ಧತಿ. ಯಾವ ತಪ್ಪು ಅಂತ ಹೇಳಬೇಕಾಗಿಲ್ಲದ್ದರಿಂದ ಸುಲಭವೂ ಹೌದು. ಜಗಳಾಡಿದವರನ್ನು ಬಿಟ್ಟು ಉಳಿದ ಊರಿಗೆಲ್ಲ ಮೊಬೈಲಿನಲ್ಲೇ ಕಳಿಸುತ್ತೇವೆ. ನಾನು ಬಸ್ತಿಯ ಮೆಟ್ಟಿಲ ಮೇಲೆ ವೈನಿಗೆ ಕೈ ಮುಗಿದೆ. "ತಿಳಿದೋ ತಿಳಿಯದೆಯೋ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ, ವೈನಿ."

ವೈನಿ ನನ್ನ ಎರಡೂ ಕೈ ಹಿಡಿದುಕೊಂಡರು. "ತಿಳಿಯದ ಮಾಡಿದ್ದು ಮಾಫ್ ರೀ. ತಿಳಿದು ಮಾಡಿದ್ದು ಮರಾಠ್ಯಾಗ ನೂರಾ ಅರವತ್ತನೇ ಪುಟದಿಂದ ಸುರು ಆಗತೈತಿ. ಕನ್ನಡದಾಗ ಎಷ್ಟನೇದ್ರಿ?"

ನಮ್ಮ ಕಾದಂಬರಿ ಮರಾಠಿಗೂ ಬಂದಿತ್ತು. ಕಥೆ ಕೇಳಿದ ವೈನಿಯ ಮಗಳು ಕೊಲ್ಹಾಪುರದ ವಾಚನಾಲಯದಿಂದ ತಂದುಕೊಟ್ಟಿದ್ದಳು. ವೈನಿ ಮೂರು ವಾರದ ಹಿಂದೆಯೇ ಓದಿ ಮುಗಿಸಿದ್ದರು.

"ಮತ್ತ ಹೇಳಲಿಲ್ಲ ಯಾಕ್ರಿ?" ನನ್ನ ದನಿ ಇಳಿದಿತ್ತು.

"ಚೈನಿ ಅನಸಾಕತ್ತಿತ್ತು. ರಾತ್ರಿ ಒಂದ ಕಥಿ, ಮಂಗಳವಾರ ಒಂದ ಕಥಿ. ಹೋಳಿಗ್ಯಾಗಿನ ಎಲುಬು ಓದಿ ನಾ ಹಾಸಗ್ಯಾಗ ಬಿದ್ದ ನಕ್ಕೇನ್ರಿ." ಆಮೇಲೆ ನಗು ನಿಲ್ಲಿಸಿದರು. "ಆದ್ರ ಆ ಇಬ್ಬರಿಗೆ ನೀವ ಹೇಳಬೇಕು. ನಾ ಹೇಳಂಗಿಲ್ಲ."

ಅಂದಿನಿಂದ ಮಂಗಳವಾರದವರೆಗೆ ನನಗೆ ಅನ್ನ ಸೇರಲಿಲ್ಲ. ಹೇಳಿದರೆ ಆ ಖುರ್ಚಿ ಹೋಗುತ್ತದೆ. ಒಮ್ಮೆ ತಿರುಚಿ ಓದಿದವಳ ಬಾಯಿಂದ ಮತ್ತೆ ಯಾರು ಕೇಳುತ್ತಾರೆ? ಆಯಿಯ ಐದು ತಿಂಗಳ ತವರೂ ಹೋಗುತ್ತದೆ. ಹೇಳದಿದ್ದರೆ ವೈನಿಯ ಮುಖ ನೋಡಿಕೊಂಡು ಪ್ರತಿ ವಾರ ಸುಳ್ಳು ಓದಬೇಕು. ನಮ್ಮನೆಯವರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಕೆಟ್ಟದ್ದು ಓದಿಲ್ಲಂದ್ರ ಪುಣ್ಯ ಅಲ್ಲೇನ?" ಅಂದರು. "ಓದಿಲ್ಲ ಅಂತ ಹೇಳಿಲ್ಲಲ್ರಿ, ಬ್ಯಾರೇದ ಓದೇನಿ" ಅಂದೆ. "ಹೂಂ" ಅಂದರು. ಪುಣ್ಯಕ್ಕೆ ಪ್ರಶ್ನೆ ಅಲ್ಲಿಗೆ ನಿಂತಿತು.

ಮಂಗಳವಾರ ಖುರ್ಚಿಯ ಮೇಲೆ ಕೂಡಲಿಲ್ಲ. ಚಾಪೆಯ ಮೇಲೆ ಕೂತು, ಪುಸ್ತಕ ಮುಂದಿಟ್ಟು, ಹೋಳಿಗೆಯಿಂದ ಹಿಡಿದು ಪಂಚಮಿಯವರೆಗೆ, ವೈನಿ ಮರಾಠಿಯಲ್ಲಿ ಓದಿ ನನ್ನನ್ನು ಹಿಡಿದದ್ದೂ ಸೇರಿ, ಎಲ್ಲ ಹೇಳಿದೆ. ಮೂಲೆಮನೆಯಾಕೆ ಹೋಳಿಗೆಗೆ ನಕ್ಕಳು, ಜ್ವರಕ್ಕೆ ಇನ್ನಷ್ಟು ನಕ್ಕಳು.

"ಬಿಟ್ಟ ಓದತೀರಿ ಅಂಬೂದು ನಂಗ ಗೊತ್ತಿತ್ರಿ ಅಕ್ಕಾರ. ಮಗ್ಗದ ಸಪ್ಪಳದ ಮ್ಯಾಲೆ ಎಳಿ ಹರದದ್ದು ಹೇಳತೇವಿ ನಾವು. ನೀವು ನಾಕ ಹಾಳಿ ಒಮ್ಮೆ ತಿರುವಿದ್ರ ಗೊತ್ತಾಗಂಗಿಲ್ಲೇನು? ಬ್ಯಾಸರದ್ದು ಬಿಡತಾರ ಅಂತ ತಿಳದಿದ್ನಿ. ಪಂಚಮ್ಯಾಗ ಯಾಕ ಬಿಟ್ರಿ?"

ಇಲ್ಲಿಗೆ ಬಂದ ಮೇಲೆ ಮುಚ್ಚುವುದೇನು? "ನೀ ಹೋಗಿಬಿಟ್ಟೀ ಅಂತ ಅಂಜಿದ್ನಿ" ಅಂದೆ.

ಆಕೆಯ ನಗು ಹೋಯಿತು. "ನಾ ಹೋಗಬೇಕಂದ್ರ ಪುಸ್ತಕ ಕೇಳಿ ಹೋಗಬೇಕೇನ್ರಿ? ಬಸ್ ಸ್ಟ್ಯಾಂಡಿನ ಹಾದಿ ನಂಗ ಗೊತ್ತೈತಿ. ಎಷ್ಟ ಸಲ ಹೋಗಿ ನಿಂತ ಬಂದೇನಿ, ನಿಮಗೇನ ಗೊತ್ತು? ವೈನಿಯಾರ ಓದಿದ್ರ ನಡೀತೈತಿ, ನೀವ್ ನೋಡಿದ್ರ ನಡೀತೈತಿ. ಮೂರನೇತ್ತೆ ಕಲತಾಕಿ ಕೇಳಿದ್ರ ಅಷ್ಟ ಕೆಡತಾಳೇನ್ರಿ?"

ಈ ಸಲ ಕೈ ಮುಗಿಯುವುದು ಸುಲಭವಾಗಿರಲಿಲ್ಲ. ಯಾವ ತಪ್ಪು ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮುಗಿದೆ. ಆಕೆ ನೋಡಲಿಲ್ಲ, ಪುಸ್ತಕವನ್ನು ನೋಡುತ್ತಿದ್ದಳು.

ಆಯಿ ಅಷ್ಟು ಹೊತ್ತು ಗೋಡೆಗೆ ಒರಗಿದ್ದವರು ಎದ್ದು ಕೂತರು. "ಅಂದ್ರ ಆಕಿ ತವರಾಗ ಇದ್ದಿಲ್ಲೇನ?"

"ಇಲ್ರಿ, ಆಯಿ."

"ಐದ ತಿಂಗಳ ಎಲ್ಲಿದ್ಲು ಮತ್ತ?"

"ಬ್ಯಾರೇ ಊರಾಗ. ಖೋಲಿ ಹಿಡದು. ಒಬ್ಬಾಕಿನ."

ತವರು ಹೋಯಿತೆಂದು ಆಯಿ ಅಳುತ್ತಾರೋ ಅಂತ ನಾನು ಅಂಜಿದೆ. "ಒಬ್ಬಾಕಿನ? ಅತ್ತಿ ಇಲ್ಲ, ಅವ್ವ ಇಲ್ಲ, ಯಾರೂ ಇಲ್ಲ?" ಅಂದರು. ಆಮೇಲೆ, "ಓದ. ಒಂದ ಅಕ್ಷರ ಬಿಟ್ಟೀ ಅಂದ್ರ ನೋಡ."

ಹನ್ನೊಂದು ಪುಟ ಓದಿದೆ. ನಾನೂ ಅವನ್ನು ಓದುತ್ತಿದ್ದದ್ದು ಅದೇ ಮೊದಲು. ಬಾಗಿಲು ಬಡಿದ ಪಕ್ಕದ ಖೋಲಿಯ ಗಂಡಸು ಕೆಮ್ಮುವ ಮುದುಕ, ನಳಕ್ಕೆ ನೀರು ಬಂದಿದೆ, ಬಕೇಟು ತಗೊಂಡು ಬಾ ಅಂತ ಹೇಳಲು ಬಂದಿದ್ದ. ಅಷ್ಟೇ. ಅವನ ಹೆಸರು ಮತ್ತೆ ಬರಲೇ ಇಲ್ಲ. ಉಳಿದ ಪುಟಗಳ ತುಂಬ ಆಕೆ ಒಬ್ಬಳೇ ಅಡಿಗೆ ಮಾಡುವುದು, ಬಿಸಿ ಇರುವಾಗಲೇ ಉಣ್ಣುವುದು, ಹೊಲಿಗೆ ಕೆಲಸಕ್ಕೆ ಹೋಗುವುದು, ಬಂದು ಕಾಲು ಚಾಚಿ ಕೂಡುವುದು. ನನ್ನ ಎದೆ ಹಾರಿಸಿದ ಪಾಪವನ್ನು ಕಡೆಯ ಸಾಲಿನವರೆಗೆ ಹುಡುಕಿದೆ, ಸಿಗಲಿಲ್ಲ. ಅದನ್ನು ನಾನು ನನ್ನ ಮನೆಯಿಂದಲೇ ತಂದಿದ್ದೆ ಅಂತ ಕಾಣುತ್ತದೆ.

"ಬಿಸಿ ಇರುವಾಗ ಉಂಡ್ಲಂತ" ಅಂದರು ಆಯಿ. ವೈನಿ ಚಹ ಕಾಸಲು ಎದ್ದವರು, ಆಯಿಗೆ ಮೊದಲು ತಂದುಕೊಟ್ಟರು.

ಹೋಗುವಾಗ ಮೂಲೆಮನೆಯಾಕೆ ಬಾಗಿಲಲ್ಲಿ ನಿಂತು ತೀರ್ಪು ಹೇಳಿದಳು. "ಓದೂದು ನೀವ ಓದ್ರಿ ಅಕ್ಕಾರ, ನಿಮ್ಮ ದನಿ ಚೊಲೊ ಐತಿ. ಆದ್ರ ಇನ್ನ ಮ್ಯಾಲೆ ನಾ ನಿಮ್ಮ ಬಗಲಾಗ ಕೂಡತೇನಿ. ಸಾಲಿನ ಕೆಳಗ ನಿಮ್ಮ ಕೈಬಟ್ಟ ಇರಬೇಕು."

ಹಾಗೇ ನಡೆದಿದೆ. ಬೆತ್ತದ ಖುರ್ಚಿ ಖಾಲಿ, ನಾವಿಬ್ಬರೂ ಚಾಪೆಯ ಮೇಲೆ ಒಂದೇ ಪುಸ್ತಕ ಹಿಡಿದು ಕೂಡುತ್ತೇವೆ. ಮೊದಲು ವಾರಕ್ಕೆ ಇಪ್ಪತ್ತು ಪುಟ ಆಗುತ್ತಿತ್ತು, ಈಗ ಎಂಟಾದರೆ ಹೆಚ್ಚು. ಬೆರಳು ನಿಧಾನವಾದರೆ ಆಕೆ, "ಏನ ಬಂತ್ರಿ, ಮಟನ್ನೇನು?" ಅಂತ ಕೇಳುತ್ತಾಳೆ. ಈಗಿನ ಪುಸ್ತಕದಲ್ಲಿ ನಿಜವಾಗಿಯೂ ಬಂತು. ಓದಿದೆ. ವ್ರತ ಕೆಡಲಿಲ್ಲ, ಕಿವಿಯಿಂದ ಯಾರೂ ಉಣ್ಣುವುದಿಲ್ಲವಲ್ಲ.

ಹೋದ ಮಂಗಳವಾರ ಒಂದು ಪುಟದ ನಡುವೆ ನನ್ನ ಬೆರಳನ್ನು ಆಕೆ ಹಿಡಿದು ನಿಲ್ಲಿಸಿದಳು. "ತಡೀರಿ. ಇದನ್ನ ನಾ ಓದತೇನಿ." ಬಾಗಿ, ತನ್ನ ಬೆರಳಿಟ್ಟು, ಒಂದೊಂದೇ ಅಕ್ಷರ ಹಿಡಿದು ಹೊರಟಳು. ನನಗೆ ಬಾಯಿ ತಡೆಯುವುದು ಕಷ್ಟವಾಯಿತು. ಎರಡು ಸಲ ಮುಂದಿನ ಶಬ್ದ ನಾಲಿಗೆಯ ತುದಿಗೇ ಬಂತು. ವೈನಿ ಕಣ್ಣಿನಲ್ಲೇ ನನ್ನನ್ನು ಸುಮ್ಮನಿರಿಸಿದರು. ಸಾಲು ಮುಗಿಯುವಷ್ಟರಲ್ಲಿ ಚಹ ಆರಿತ್ತು. ಆಯಿ ಒಂದು ಕೈ ಕಿವಿಯ ಹಿಂದಿಟ್ಟುಕೊಂಡು, ನನ್ನ ಕಡೆ ನೋಡದೆ ಅವಳನ್ನೇ ಕೇಳಿದರು, "ಹೂಂ, ಮುಂದ?"